ದಂತದ ಮರಿಯಮ್ಮನ ಮೂಗು

ಫಿಲೋ, ಕಾಲು ಒಳಗೆ ಎಳ್ಕೊಂಡು ಸರಿಯಾಗಿ ಹೊದ್ಕೋ. ಹ್ಞೂಂ ಅನ್ನೋದು ಮರೀಬೇಡ, ನೀನು ನಿಲ್ಲಿಸಿದ ತಕ್ಷಣ ನಾನೂ ನಿಲ್ಲಿಸಿಬಿಡ್ತೀನಿ. ಒಂದಾನೊಂದು ಕಾಲದಲ್ಲಿ, ನನ್ನಜ್ಜಿಗೆ ಅಜ್ಜಿ, ಆ ಅಜ್ಜಿಗೂ ಅಜ್ಜಿ ಹುಟ್ಟೋಕೆ ಮುಂಚೆ, ಏಳು ಸಮುದ್ರದ ಆಚೆ ಫ್ರೆಂಚರ ಸೀಮೇಲಿ, ಹೊಳೆ ದಂಡೇಲಿ ಒಂದು ಊರಿತ್ತಂತೆ. ಆ ಊರಲ್ಲಿ ಉಣ್ಣೆಬಟ್ಟೆ ಮಾರೋರ ಒಂದು ದೊಡ್ಡ ಮನೆ, ಆ ಮನೇಲಿ ಅವೆಲೀನ ಅಂತ ಒಬ್ಬಳು ಯಜಮಾನಿ. ನಾವು ಅವೆಲೀನಮ್ಮ ಅನ್ನೋಣ, ವಯಸ್ಸಾದೋಳು, ಬರೀ ಹೆಸರು ಹಿಡಿದು ಕರೀಬಾರದು. ಗಂಡ ತೀರಿಕೊಂಡು ಬಹಳ ವರ್ಷ ಆಗಿತ್ತಂತೆ. ಮೂರು ಜನ ಗಂಡುಮಕ್ಕಳು, ಮೂವರಿಗೂ ಮದುವೆ ಆಗಿ ಮೂರು ಜನ ಸೊಸೆಯರು ಮನೆ ತುಂಬಿದ್ರಂತೆ.

ಈ ಅವೆಲೀನಮ್ಮ ಕೆಟ್ಟವಳೇನಲ್ಲ, ಆದರೆ ಗುಮಾನಿ ಅನ್ನೋದು ಅವಳ ಮೈಗೆ ಅಂಟಿಕೊಂಡು ಹುಟ್ಟಿತ್ತಂತೆ. ಹಾಲಿನೋಳು ಹಾಲು ತಂದ್ರೆ ನೀರು ಬೆರೆಸಿದ್ದೀಯಾ ಅಂತ ಗುಮಾನಿ, ಬೆರೆಸಿಲ್ಲ ಅಂತ ಆಣೆ ಇಟ್ರೆ ಯಾಕಿಷ್ಟು ಜೋರಾಗಿ ಆಣೆ ಇಡ್ತಾಳೆ ಅಂತ ಇನ್ನೊಂದು ಗುಮಾನಿ. ಬೆಕ್ಕು ಸುಮ್ಮನೆ ಮಲಗಿದ್ರೆ ಏನೋ ಕದ್ದು ತಿಂದು ಮಲಗಿದೆ ಅಂತ ಅದರ ಬಾಯಿ ಮೂಸಿ ನೋಡೋಳಂತೆ. ಸೊಸೆಯರು ನಕ್ಕರೆ ನನ್ನ ನೋಡಿ ನಗ್ತಾರೆ, ನಗದೆ ಇದ್ರೆ ಒಳಗೊಳಗೇ ನಗ್ತಾರೆ. ಅಂಥವಳ ಜೊತೆ ಬಾಳೋದು ಅಂದ್ರೆ ಏನು ಸುಮ್ಮನೆ ಮಾತಾ ಹೇಳು.

ಆ ಮನೇಲಿ ಅವೆಲೀನಮ್ಮ ಗುಮಾನಿ ಪಡದೆ ನಂಬಿದ್ದು ಒಂದೇ ಒಂದನ್ನಂತೆ. ಅವಳ ಗಂಡ ಬದುಕಿದ್ದಾಗ, ಮದುವೆ ಆದ ಹೊಸದರಲ್ಲಿ, ದೂರದ ಪಟ್ಟಣದಿಂದ ತಂದುಕೊಟ್ಟ ಆನೆದಂತದ ಪಟ. ಪಟ ಅಂದ್ರೆ ನಮ್ಮ ಗೋಡೆ ಮೇಲಿರೋವಷ್ಟು ದೊಡ್ಡದಲ್ಲ, ಅಂಗೈಯೊಳಗೆ ಮುಚ್ಚಿಟ್ಕೊಬಹುದು ಅಷ್ಟೇ. ಎರಡು ಹಲಗೆ, ನಡುವೆ ಬೆಳ್ಳಿ ಕೀಲು, ಪುಸ್ತಕದ ಥರ ತೆಗೆದು ಮುಚ್ಚಬಹುದಂತೆ. ಎಡಗಡೆ ಹಲಗೇಲಿ ಮರಿಯಮ್ಮನೋರು ಬಾಲಯೇಸುವನ್ನ ಸೊಂಟದ ಮೇಲೆ ಎತ್ಕೊಂಡು, ಮಗು ಎತ್ಕೊಂಡ ತಾಯಂದಿರು ವಾಲಿ ನಿಲ್ತಾರಲ್ಲ, ಹಾಗೇ ನಿಂತಿದ್ರಂತೆ. ಬಲಗಡೆ ಹಲಗೇಲಿ ಯೇಸುಸ್ವಾಮಿ ಶಿಲುಬೆ ಮೇಲೆ. ಎರಡಕ್ಕೂ ಮೇಲ್ಗಡೆ ಚರ್ಚಿನ ಕಿಟಕಿ ಥರ ಚೂಪು ಕಮಾನು, ಅಮ್ಮನ ಸೆರಗಿನ ಅಂಚಿಗೆ ನೀಲಿ, ಕೂದಲಿಗೆ ಚಿನ್ನದ ಗೆರೆ, ಕೆನ್ನೆಗೆ ಒಂದು ಚೂರು ಕೆಂಪು. ಏನು, ಆನೆ ಅಲ್ಲಿಗೆ ಹೇಗೆ ಹೋಯ್ತು ಅಂತೀಯಾ? ಆನೆ ಹೋಗಲಿಲ್ಲ ಕಣೇ, ಬರೀ ದಂತ ಹಡಗಿನಲ್ಲಿ ಹೋಯ್ತು. ಅದನ್ನ ಕೆತ್ತಿದೋನು ತನ್ನ ಜನ್ಮದಲ್ಲಿ ಆನೆ ನೋಡಿರಲಿಲ್ಲವಂತೆ.

ಆ ಕಾಲದಲ್ಲಿ ಆ ಸೀಮೆ ಹೆಂಗಸರಲ್ಲಿ ಒಂದು ಪದ್ಧತಿ. ಚರ್ಚಿನ ಪೂಜೆ ಎಲ್ಲರ ಜೊತೆ, ಆದರೆ ಮನೆ ಜಪ ಒಬ್ಬೊಬ್ಬರದೇ. ಬೆಳಿಗ್ಗೆ ಸಂಜೆ ಅವೆಲೀನಮ್ಮ ತನ್ನ ಕೋಣೆ ಮೂಲೇಲಿ ದಪ್ಪ ಪರದೆ ಎಳ್ಕೊಂಡು, ಆ ಪಟ ಬಿಚ್ಚಿ ಕೂತ್ಕೊಂಡ್ರೆ, ಒಳಗೆ ಅವಳೂ ಮರಿಯಮ್ಮನೋರೂ ಇಬ್ಬರೇ. ಮಕ್ಕಳು ಕೂಗಿದ್ರೂ ಓ ಅನ್ನೋ ಹಾಗಿಲ್ಲ, ಸೊಸೆಯರು ಪರದೆ ಮುಟ್ಟೋ ಹಾಗಿಲ್ಲ. ಜಪ ಮುಗಿದ ಮೇಲೆ ಪಟ ಡಬ್ಬಿಗೆ, ಡಬ್ಬಿ ಪೆಟ್ಟಿಗೆಗೆ, ಪೆಟ್ಟಿಗೆಗೆ ಬೀಗ. ನಲವತ್ತು ವರ್ಷ ಹೀಗೇ ನಡೀತಂತೆ.

ಆಮೇಲೆ ಒಂದು ವರ್ಷ ಮೇಣದಬತ್ತಿ ಹಬ್ಬ ಬಂತು, ಆ ಊರ ಚರ್ಚಿನ ಪಾದ್ರಿ ಸ್ವಾಮಿಯೋರು ಈ ಸಲ ನೀವೆಲ್ಲ ಮನೇಲಿ ಇಟ್ಕೊಂಡಿರೋ ಪಟಗಳನ್ನ ತನ್ನಿ, ತೀರ್ಥ ಹಾಕ್ತೀನಿ ಅಂದ್ರಂತೆ. ಅವೆಲೀನಮ್ಮ ಒಳ್ಳೆ ಬಟ್ಟೆ ಉಟ್ಕೊಂಡು, ಪಟ ಎದೆಗೆ ಒತ್ಕೊಂಡು, ಹಿಂದೆ ಮೂರು ಸೊಸೆಯರನ್ನ ಕಟ್ಕೊಂಡು ಚರ್ಚಿನ ಮೆಟ್ಟಿಲು ಹತ್ತಿದ್ಲಂತೆ. ಪಕ್ಕದಲ್ಲೇ ಎದುರುಮನೆ ಗಿಲೆಮೆತ್ತಮ್ಮ. ನಂಗೆ ನಾಲಿಗೆ ತಿರುಗಲ್ಲ, ಗಿಲ್ಲಮ್ಮ ಅಂತೀನಿ. ಆ ಗಿಲ್ಲಮ್ಮಂಗೂ ಅವೆಲೀನಮ್ಮಂಗೂ ಮೊದಲಿಂದ ಅಷ್ಟಕ್ಕಷ್ಟೇ. ಅವತ್ತು ಬಿಸಿಲು ಚೆನ್ನಾಗಿತ್ತಂತೆ. ಅವೆಲೀನಮ್ಮ ಪಟ ಬಿಚ್ಚಿದ್ಲು, ಗಿಲ್ಲಮ್ಮ ಬಗ್ಗಿ ನೋಡಿದ್ಲು, ನೋಡಿ ಕೆನ್ನೆ ಮೇಲೆ ಕೈ ಇಟ್ಕೊಂಡು, ಅಯ್ಯೋ ಅವೆಲೀನಮ್ಮ, ನಿಮ್ಮ ಮರಿಯಮ್ಮನ ಮೂಗೆಲ್ರೀ ಅಂದ್ಲಂತೆ.

ಅವೆಲೀನಮ್ಮ ಬಗ್ಗಿ ನೋಡಿದ್ಲಂತೆ. ಮೂಗಿಲ್ಲ. ತುಟಿ ಇಲ್ಲ. ಕಣ್ಣಿರೋ ಕಡೆ ಬರೀ ನುಣ್ಣಗೆ. ಹೊಳೇಲಿ ಸಿಗೋ ಬೆಣಚುಕಲ್ಲಿನ ಹಾಗೆ ಮುಖ ಅಷ್ಟೂ ಸಪಾಟಾಗಿ, ಬಲಗೆನ್ನೆ ಮೇಲೆ ಮಾತ್ರ ಆ ಕೆಂಪು ಬಣ್ಣ ಸಾಸಿವೆಯಷ್ಟು ಉಳಿದಿತ್ತಂತೆ. ಮಿಕ್ಕಿದ್ದೆಲ್ಲ ಹೇಗಿತ್ತೋ ಹಾಗೇ ಇದೆ, ಸೆರಗಿನ ಮಡಿಕೆ ಇದೆ, ಮಗುವಿನ ಬೆರಳಿದೆ, ಮೇಲಿನ ಕಮಾನಿದೆ, ತಾಯಿ ಮುಖ ಒಂದೇ ಇಲ್ಲ. ಗಿಲ್ಲಮ್ಮ ತನ್ನ ಪಟ ಬಿಚ್ಚಿ ಎಲ್ಲರಿಗೂ ಕಾಣೋ ಹಾಗೆ ಹಿಡಿದ್ಲಂತೆ, ಅದರಲ್ಲಿ ಮರಿಯಮ್ಮನೋರಿಗೆ ನಿನ್ನೆ ತಾನೇ ಕೆತ್ತಿದ ಹಾಗೆ ಎಳೆ ಮೂಗು, ನಗೋ ತುಟಿ. ಹೆಂಗಸರೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದ್ರಂತೆ. ಅವೆಲೀನಮ್ಮಂಗೆ ನೆಲ ಬಾಯಿ ಬಿಟ್ಟು ನುಂಗಬಾರದಾ ಅನ್ನಿಸಿಬಿಡ್ತು ಪಾಪ.

ಮನೆಗೆ ಬಂದು ಬಾಗಿಲು ಹಾಕ್ಕೊಂಡು ಯೋಚನೆ ಮಾಡಿದ್ಲಂತೆ. ಮೂಗು ತಾನಾಗಿ ಎದ್ದು ಹೋಗೋದಿಲ್ಲ. ಯಾರೋ ಬೀಗದ ಕೈ ಕದ್ದು ಕೆರೆದಿದ್ದಾರೆ. ಯಾಕೆ ಕೆರೀತಾರೆ? ಅದಕ್ಕೂ ಅವಳ ಹತ್ರ ಉತ್ತರ ಇತ್ತು. ಆ ಸೀಮೇಲಿ ಆನೆದಂತದ ಪುಡಿ ಔಷಧಿ ಅಂತ ನಂಬಿಕೆ, ಹಾಲಿಗೆ ಹಾಕಿ ಕುಡಿದ್ರೆ ಮಕ್ಕಳಾಗುತ್ತೆ, ಹಲ್ಲಿಗೆ ಉಜ್ಜಿದ್ರೆ ಮುತ್ತಿನ ಹಾಗೆ ಆಗುತ್ತೆ ಅಂತ. ಅದೂ ದೇವರ ಮುಖದ ಪುಡಿ ಅಂದ್ರೆ ಕೇಳಬೇಕಾ? ಕೆರೆದೋರು ಹೊರಗಿನೋರಲ್ಲ, ಇದೇ ಮನೆ ಸೂರಿನ ಕೆಳಗಿದ್ದಾರೆ ಅಂತ ತೀರ್ಮಾನ ಮಾಡಿ, ಒಬ್ಬೊಬ್ಬರನ್ನೇ ಪರೀಕ್ಷೆ ಮಾಡ್ತೀನಿ, ಸಿಕ್ಕಿಬಿದ್ದೋಳು ತವರಿಗೆ ಹೋಗಲಿ, ಮತ್ತೆ ಈ ಹೊಸಿಲು ತುಳಿಯೋದು ಬೇಡ ಅಂತ ಮರಿಯಮ್ಮನೋರ ಮುಂದೆ ಹೇಳ್ಕೊಂಡ್ಲಂತೆ.

ಮೊದಲು ಹಿರಿಸೊಸೆ ಇಸಾಬೆ. ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ಅವಳು ದಿನಾ ಬೆಳಿಗ್ಗೆ ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಏನೋ ಕುಡೀತಾಳೆ ಅಂತ ಅವೆಲೀನಮ್ಮಂಗೆ ಗುಮಾನಿ. ಮಾರನೇ ದಿನ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಸೌದೆ ರಾಶಿ ಹಿಂದೆ ಕಾದ್ಲಂತೆ. ಇಸಾಬೆ ಬಂದ್ಲು, ಬಟ್ಟಲು ಬಾಯಿಗಿಟ್ಲು, ಇವಳು ಹಾರಿ ಬಂದು ಬಟ್ಟಲು ಕಿತ್ಕೊಂಡ್ಲು. ನೋಡಿದ್ರೆ ತಳದಲ್ಲಿ ಬಿಳೀ ಪುಡಿ! ಸಿಕ್ಕಿಬಿದ್ಯಾ, ಮರಿಯಮ್ಮನ ಮೂಗು ಕುಡೀತಾ ಇದ್ದೀಯಾ ಅಂತ ಕಿರುಚಿದ್ಲಂತೆ. ಇಸಾಬೆ ಅಳ್ತಾ ಅಳ್ತಾ ಮಂಚದ ಕೆಳಗಿಂದ ಒಂದು ಮಡಕೆ ಎಳೆದು ತೋರಿಸಿದ್ಲು. ಅದರ ತುಂಬ ಸುಟ್ಟ ಮೊಟ್ಟೆ ಚಿಪ್ಪು. ಸೂಲಗಿತ್ತಿ ಹೇಳಿದ್ಲು ಅತ್ತೆ, ಮೊಟ್ಟೆ ಚಿಪ್ಪು ಸುಟ್ಟು ಕುಡಿದ್ರೆ ಒಳ್ಳೇದು ಅಂತ, ನಿಮ್ಮ ಮುಂದೆ ಕುಡಿದ್ರೆ ಏನಂತೀರೋ ಅಂತ ಕದ್ದು ಕುಡೀತಿದ್ದೆ ಅಂದ್ಲಂತೆ. ಅವೆಲೀನಮ್ಮ ಚಿಪ್ಪು ಕೈಯಲ್ಲಿ ಹಿಡಿದು ನೋಡಿದ್ಲು, ಚಿಪ್ಪೇ. ಬಟ್ಟಲು ವಾಪಸ್ ಕೊಟ್ಟು, ಕುಡಿ, ಆರಿಹೋಗುತ್ತೆ ಅಂತ ಅಂದು ಒಳಗೆ ಹೋದ್ಲು. ಅಷ್ಟೇ ಅಂದಿದ್ದು, ಒಂದು ಒಳ್ಳೇ ಮಾತು ಬರಲಿಲ್ಲ ನೋಡು ಬಾಯಲ್ಲಿ.

ಆಮೇಲೆ ಎರಡನೇ ಸೊಸೆ ಮಾರ್ಗೊ. ಅವಳ ಹಲ್ಲು ಊರಿಗೆಲ್ಲ ಹೆಸರುವಾಸಿ, ನಕ್ಕರೆ ಪಳ್ ಅನ್ನೋದಂತೆ. ಇಷ್ಟು ಬಿಳೀ ಹಲ್ಲು ಸುಮ್ಮನೆ ಬರುತ್ತಾ ಅಂತ ಅವೆಲೀನಮ್ಮ ಅವಳ ಪೆಟ್ಟಿಗೆ ತಡಕಿದ್ರೆ, ಒಂದು ಪುಟ್ಟ ಕರಡಿಗೆ, ಒಳಗೆ ಮತ್ತೆ ಬಿಳೀ ಪುಡಿ! ಇವಳೇ, ಇವಳೇ ಅಂತ ಮೂಗಿಗೆ ಹತ್ರ ಹಿಡಿದು ಜೋರಾಗಿ ಮೂಸಿದ್ಲು ನೋಡು, ಆಕ್ಷೀ ಆಕ್ಷೀ ಅಂತ ಏಳು ಸಲ ಸೀನಿದ್ಲಂತೆ. ಮೀನಿನ ವಾಸನೆ! ಸೀನಿನ ಸದ್ದಿಗೆ ಓಡಿಬಂದ ಮಾರ್ಗೊ ಸೊಂಟದ ಮೇಲೆ ಕೈ ಇಟ್ಕೊಂಡು, ಅದು ಸಮುದ್ರದ ಮೀನಿನ ಬೆನ್ನ ಮೂಳೆ ಪುಡಿ, ಮೀನಿನೋಳ ಹತ್ರ ಕೇಳಿ ತಂದಿದ್ದು, ಬೇಕಿದ್ರೆ ನೀವೂ ಉಜ್ಜಿ ನೋಡಿ ಅತ್ತೆ, ಇರೋ ನಾಕು ಹಲ್ಲಾದ್ರೂ ಬೆಳ್ಳಗಾಗಲಿ ಅಂದ್ಲಂತೆ. ಅವೆಲೀನಮ್ಮಂಗೆ ಮೈ ಉರಿದು ಹೋಯ್ತು, ಆದರೆ ದಂತಕ್ಕೆ ಮೀನಿನ ವಾಸನೆ ಎಲ್ಲಿಂದ ಬರಬೇಕು, ಸುಮ್ಮನಾದ್ಲು.

ಈ ಪರೀಕ್ಷೆ ನಡೆಯೋ ದಿನಗಳಲ್ಲಿ ಅವಳು ಪಟದ ಡಬ್ಬಿಯನ್ನ ಪೆಟ್ಟಿಗೇಲೂ ಬಿಡದೆ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗೋಳಂತೆ. ನನ್ನ ಮನೇಲಿ ನಿಂಗೆ ಹೀಗಾಯ್ತಲ್ಲ ತಾಯಿ ಅಂತ ಕ್ಷಮೆ ಕೇಳೋಕೆ, ದಿನಕ್ಕೆ ಎರಡು ಸಲ ಇದ್ದ ಜಪವನ್ನ ಐದು ಸಲ ಮಾಡಿದ್ಲಂತೆ. ಒಂದು ವಾರ ಕಳೆದು ಬಿಸಿಲಿಗೆ ಹಿಡಿದು ನೋಡಿದ್ರೆ, ಆ ಬಲಗೆನ್ನೆ ಮೇಲಿದ್ದ ಸಾಸಿವೆಯಷ್ಟು ಕೆಂಪೂ ಮಾಯ! ಅಯ್ಯಯ್ಯೋ, ತಲೆದಿಂಬಿನ ಕೆಳಗಿಂದ ತೆಗೆದು ಕೆರೀತಾ ಇದ್ದಾಳಲ್ಲಪ್ಪಾ, ಎಂಥ ಗಟ್ಟಿಗಿತ್ತಿ ಇರಬೇಕು ಅಂದ್ಕೊಂಡ್ಲಂತೆ. ಏನೇ, ಯಾಕೆ ಕಿಸಿಕಿಸಿ ಅಂತೀಯಾ? ನಿಂಗೆ ಗೊತ್ತಾಯ್ತಾ? ಗೊತ್ತಾದ್ರೆ ಬಾಯಿ ಮುಚ್ಕೊಂಡಿರು, ಅವೆಲೀನಮ್ಮಂಗೆ ಇನ್ನೂ ಗೊತ್ತಾಗಿಲ್ಲ.

ಇನ್ನು ಉಳಿದೋಳು ಕಿರಿಸೊಸೆ ಪೆರೀನ. ಮನೆಗೆ ಬಂದು ಇನ್ನೂ ಆರು ತಿಂಗಳು. ಅವಳು ಯಾರ ಮಗಳು ಗೊತ್ತಾ? ತಿಬೋ ಅಂತ, ಅದೇ ಊರಿನ ಕೆಳಗಿನ ಬೀದೀಲಿ ಆನೆದಂತ ಕೆತ್ತೋನು. ಬಾಚಣಿಗೆ, ಕನ್ನಡಿ ಕಟ್ಟು, ಸಂತರ ಬೊಂಬೆ ಎಲ್ಲ ಕೆತ್ತೋನಂತೆ. ಕಿರಿಮಗ ಅಮ್ಮಂಗೆ ಅಂತ ಬಾಚಣಿಗೆ ತರೋಕೆ ಹೋದೋನು ಬಾಚಣಿಗೆ ಮರೆತು ಮನಸ್ಸು ಕೊಟ್ಟು ಬಂದ. ಅವೆಲೀನಮ್ಮಂಗೆ ಈ ಸಂಬಂಧ ಇಷ್ಟವೇ ಇರಲಿಲ್ಲ. ಬಟ್ಟೆ ವ್ಯಾಪಾರದೋರ ಮನೆಗೆ ಕೈಕೆಲಸದೋನ ಮಗಳಾ ಅಂತ. ಈಗ ಅವಳಿಗೆ ಎಲ್ಲ ಹೊಳೀತಂತೆ. ದಂತ ಕೆರೆಯೋಕೆ ಬರೋದು ಯಾರಿಗೆ? ಕೆರೆದ ಗುರುತು ಉಳಿಯದ ಹಾಗೆ ನುಣ್ಣಗೆ ಮಾಡೋಕೆ ಬರೋದು ಯಾರಿಗೆ? ಪೆರೀನಳ ಹಾಸಿಗೆ ಎತ್ತಿದ್ಲು, ಬಟ್ಟೆ ಕೊಡವಿದ್ಲು, ಕೊನೆಗೆ ಮದುವೆ ಸೀರೆ ಥರ ಅವರದೊಂದು ಮದುವೆ ನಿಲುವಂಗಿ ಇರುತ್ತಲ್ಲ, ಅದರ ಮಡಿಕೆಯೊಳಗೆ ಒಂದು ಸಣ್ಣ ಅರ ಸಿಕ್ತಂತೆ, ದಂತ ಉಜ್ಜಿ ನಯ ಮಾಡೋ ಕಬ್ಬಿಣದ ಪಟ್ಟಿ, ಚರ್ಮದ ಹಿಡಿಕೆಯದು. ಅರದ ಹಲ್ಲಿನ ಸಂದೀಲಿ ಬಿಳೀ ಪುಡಿ.

ಪೆರೀನಳನ್ನ ನಿಲ್ಲಿಸಿ ಕೇಳಿದ್ಲಂತೆ. ಇದು ಯಾರದೇ? ನಮ್ಮಪ್ಪಂದು ಅತ್ತೆ. ಈ ಪುಡಿ ಏನೇ, ಮೊಟ್ಟೆ ಚಿಪ್ಪಾ, ಮೀನಿನ ಮೂಳೆಯಾ? ಅಲ್ಲ ಅತ್ತೆ, ಆನೆದಂತ. ಅವಳಿಗೆ ಸುಳ್ಳು ಹೇಳೋಕೆ ಬರೋದಿಲ್ಲ ನೋಡು. ತವರು ಬಿಟ್ಟು ಬರುವಾಗ ಅಪ್ಪನ ಕೈ ಆಡಿದ್ದು ಒಂದು ನನ್ನ ಹತ್ರ ಇರಲಿ ಅಂತ ತಂದೆ, ಆ ಪುಡಿ ಅಪ್ಪನ ಕೆಲಸದ್ದು, ತೊಳೆಯೋಕೆ ಮನಸ್ಸು ಬರಲಿಲ್ಲ ಅಂದ್ಲಂತೆ. ಅವೆಲೀನಮ್ಮ ಕೊನೆ ಮಾತು ಕೇಳಿಸಿಕೊಳ್ಳಲೇ ಇಲ್ಲ. ಒಪ್ಕೊಂಡ್ಲು, ಒಪ್ಕೊಂಡ್ಲು ಅಂತ ಕೂಗಿ, ಭಾನುವಾರ ಪೂಜೆ ಮುಗಿದ ಮೇಲೆ ಅದೇ ಚರ್ಚಿನ ಮೆಟ್ಟಿಲ ಮೇಲೆ, ಗಿಲ್ಲಮ್ಮನ ಮುಂದೆ, ಊರ ಹೆಂಗಸರ ಮುಂದೆ, ನನ್ನ ಮರಿಯಮ್ಮನ ಮುಖ ತಿಂದ ಕಳ್ಳಿ ಇವಳೇ, ಇವತ್ತಿಂದ ಇವಳು ನನ್ನ ಸೊಸೆಯಲ್ಲ ಅಂದುಬಿಟ್ಲಂತೆ. ಪೆರೀನಳ ಮುಖ ಸುಣ್ಣದ ಗೋಡೆ ಆಯ್ತು. ಕಿರಿಮಗ ಅಲ್ಲೇ ನಿಂತಿದ್ದ, ಬಾಯಲ್ಲಿ ಕಡುಬು ಇಟ್ಕೊಂಡೋನ ಹಾಗೆ. ಅವಳು ಒಬ್ಬಳೇ ಮೆಟ್ಟಿಲಿಳಿದು ಕೆಳಗಿನ ಬೀದಿಗೆ ಹೋದ್ಲಂತೆ.

ಮಾರನೇ ದಿನ ಬೆಳಕು ಚೆನ್ನಾಗಿ ಬಿದ್ದ ಮೇಲೆ ತಿಬೋ ಬಂದನಂತೆ, ಹಿಂದೆ ಮಗಳು. ಮಗಳು ಹೊಸಿಲಾಚೆ ಬೀದೀಲೇ ನಿಂತ್ಲು, ಒಳಗೆ ಕಾಲಿಡಲಿಲ್ಲ. ಬೀಗರು ಕಿರುಚಾಡ್ತಾರೆ ಅಂತ ಅವೆಲೀನಮ್ಮ ಸೆರಗು ಕಟ್ಕೊಂಡು ತಯಾರಾಗಿದ್ಲು, ಅವನು ಕಿರುಚಲಿಲ್ಲ. ಕೈ ತೊಳೆಯೋಕೆ ನೀರು ಕೇಳಿದ, ಒರೆಸಿಕೊಂಡ, ಪಟ ಕೊಡಿ ಅಂದ. ಕಿಟಕಿ ಹತ್ರ ಹೋಗಿ ಅದರ ಮೇಲೆ ಒಂದು ಸಲ ಉಸಿರು ಬಿಟ್ಟು, ಕಣ್ಣಲ್ಲಿ ನೋಡೋದು ಬಿಟ್ಟು ಹೆಬ್ಬೆರಳ ತುದೀಲಿ ಮೆಲ್ಲಗೆ ಸವರಿದನಂತೆ. ಬೀಗಿತಿಯವರೇ, ಅರ ಹಾಕಿದ್ರೆ ಗೀರು ಇರುತ್ತೆ, ಎಷ್ಟು ನಯ ಮಾಡಿದ್ರೂ ಬೆರಳಿಗೆ ತಡೆಯುತ್ತೆ, ಇಲ್ಲಿ ತಡೀತಾ ಇಲ್ಲ, ಇದಕ್ಕೆ ಕಬ್ಬಿಣ ಮುಟ್ಟಿಲ್ಲ ಅಂದನಂತೆ. ಮತ್ತೇನು ಮುಟ್ಟಿದೆ ಅಂದ್ಲು ಇವಳು. ಬೆರಳು ಅಂದ. ಮಗಳ ಪರ ಮಾತಾಡ್ತಾನೆ, ಇನ್ನೇನು ಹೇಳ್ತಾನೆ ಅಂತ ಅವೆಲೀನಮ್ಮ ಮುಖ ತಿರುಗಿಸಿದ್ಲಂತೆ.

ನನ್ನ ಮಾತು ನಂಬಬೇಡಿ, ನೀವೇ ನೋಡಿ ಅಂತ ಅವನು ಮುಖ ಇದ್ದ ಆ ತಗ್ಗನ್ನ ತೋರಿಸಿದನಂತೆ. ಅದು ನೇರ ತಗ್ಗಲ್ಲ, ಸ್ವಲ್ಪ ಎಡಕ್ಕೆ ವಾರೆ. ಇಲ್ಲಿ ಯಾರ ಹೆಬ್ಬೆರಳು ಕೂರುತ್ತೋ ಅವರೇ ಮಾಡಿದ್ದು ಅಂದ. ಇಸಾಬೆ ಇಟ್ಲು, ಅವಳ ಬೆರಳು ದಪ್ಪ, ಅಂಚಲ್ಲೇ ನಿಂತ್ಕೊಂಡ್ತು. ಮಾರ್ಗೊ ಇಟ್ಲು, ಅವಳದು ಉದ್ದ, ಮಗುವಿನ ತಲೆಗೆ ತಾಕ್ತು. ಪಟವನ್ನ ಹೊಸಿಲ ತನಕ ತಗೊಂಡು ಹೋದ್ರು, ಪೆರೀನ ಹೊರಗಿಂದಲೇ ಕೈ ಚಾಚಿ ಇಟ್ಲು, ಅವಳ ಬೆರಳು ಸಣ್ಣದು, ತಗ್ಗಿನೊಳಗೆ ಆ ಕಡೆ ಈ ಕಡೆ ಅಲ್ಲಾಡ್ತು. ಇನ್ನೊಂದು ಕೈ ಉಳಿದಿದೆ ಅಂದನಂತೆ ತಿಬೋ. ಅವೆಲೀನಮ್ಮ ನಗ್ತಾ, ನಾನಾ, ನೋಡೇಬಿಡಿ ಅಂತ ಇಟ್ಲು. ಅವಳು ಚಿಕ್ಕವಳಿದ್ದಾಗ ಬಾಗಿಲ ಸಂದಿಗೆ ಸಿಕ್ಕಿ ಆ ಬೆರಳು ಎಡಕ್ಕೆ ವಾಲಿತ್ತಂತೆ. ಬೆರಳು ಹೋಗಿ ಆ ತಗ್ಗಿನಲ್ಲಿ ಹಾಸಿಗೇಲಿ ಮಲಗಿದ ಹಾಗೆ ಮಲಗಿಬಿಡ್ತು. ಒಂದು ಕೂದಲೆಳೆ ಸಂದು ಇಲ್ಲ.

ಆಗಲಾದ್ರೂ ಸುಮ್ಮನಾದ್ಲಾ? ಇಲ್ಲ. ನೀನೇ ನನ್ನ ಬೆರಳಿನ ಅಳತೆ ತಗೊಂಡು ಕೆತ್ತಿರಬೇಕು ಅಂದ್ಲಂತೆ! ತಿಬೋ ಅದಕ್ಕೂ ಕೋಪ ಮಾಡ್ಕೊಳ್ಳಲಿಲ್ಲ. ಆಯ್ತು ತಾಯಿ, ನೀವು ದಿನಾ ಹೇಗೆ ಜಪ ಮಾಡ್ತೀರೋ ಹಾಗೇ ಒಂದು ಸಲ ಮಾಡಿ, ನಾವು ಪರದೆಯಾಚೆ ಇದ್ದೀವಿ ಅಂತ ಅಂದ್ಕೊಳ್ಳಿ ಅಂದ. ಅವೆಲೀನಮ್ಮ ಕಣ್ಣು ಮುಚ್ಚಿದ್ಲು, ನಮೋ ಮರಿಯಾ ಅಂತ ಶುರು ಮಾಡಿದ್ಲು. ಶುರು ಮಾಡಿದ್ದೇ ತಡ, ಅವಳಿಗೆ ಗೊತ್ತಿಲ್ಲದ ಹಾಗೆ ಹೆಬ್ಬೆರಳು ತಾನಾಗಿ ಹೋಗಿ ಅಮ್ಮನ ಮುಖ ಸವರತೊಡಗಿತಂತೆ, ಮೇಲೆ ಕೆಳಗೆ, ಮೇಲೆ ಕೆಳಗೆ, ಮಲಗೋ ಮಗುವಿನ ಹಣೆ ಸವರೋ ಹಾಗೆ. ಆಮೆನ್ ಅಂದು ಬಗ್ಗಿ ಅಲ್ಲೇ ಒಂದು ಮುತ್ತು ಕೊಟ್ಟು ಕಣ್ಣು ಬಿಟ್ರೆ, ಎಲ್ಲರೂ ಅವಳ ಬೆರಳನ್ನೇ ನೋಡ್ತಾ ಇದ್ದಾರೆ.

ಆಗ ಅವೆಲೀನಮ್ಮ ಕುಸಿದು ಕೂತ್ಲಂತೆ. ಹಿರಿಮಗಂಗೆ ಸಿಡುಬು ಎದ್ದಾಗ ಒಂಬತ್ತು ದಿನ ಈ ಪಟ ಕೈಯಿಂದ ಕೆಳಗಿಟ್ಟಿರಲಿಲ್ಲ. ಗಂಡನ ದೋಣಿ ಹೊಳೇಲಿ ಮಗುಚಿದ ಸುದ್ದಿ ಬಂದಾಗ ತುಟಿ ಇಟ್ಟು ತೆಗೆದೇ ಇರಲಿಲ್ಲ. ಎರಡು ತಿಂಗಳ ಹೆಣ್ಣುಮಗು ಒಂದು ಹೋಗಿತ್ತು ಅವಳಿಗೆ, ಅದನ್ನ ಯಾರ ಮುಂದೆಯೂ ಹೇಳ್ತಿರಲಿಲ್ಲ, ಈ ಪಟಕ್ಕೆ ಮಾತ್ರ ಹೇಳ್ತಿದ್ಲು, ದಿನಾ. ನಲವತ್ತು ವರ್ಷದಲ್ಲಿ ಮೂಗು ಹೋಗಿತ್ತು, ತುಟಿ ಹೋಗಿತ್ತು, ಕತ್ತಲೆ ಮೂಲೇಲಿ ಕಣ್ಣು ಮುಚ್ಚಿ ಕೂತವಳಿಗೆ ಕಾಣಲೇ ಇಲ್ಲ. ನಾನೇ ಸವೆಸಿಬಿಟ್ಟೆನಲ್ಲೋ ಅಂತ ಅತ್ತಳು ನೋಡು, ಮಾರ್ಗೊ ಕೂಡ ಮೂಗೊರೆಸಿಕೊಂಡ್ಲಂತೆ. ತಿಬೋ ಮೆಲ್ಲಗೆ, ದಂತ ಇನ್ನೂ ದಪ್ಪ ಇದೆ, ಬೇಕಾದ್ರೆ ಹೊಸ ಮುಖ ಬಿಡಿಸಿಕೊಡ್ತೀನಿ ಅಂದ. ಅವಳು ಪಟ ಎದೆಗೆ ಒತ್ಕೊಂಡು ಬೇಡ ಬೇಡ ಅಂತ ತಲೆ ಆಡಿಸಿದ್ಲಂತೆ.

ಆಮೇಲೆ ಕಣ್ಣೊರೆಸಿಕೊಂಡು, ಏನೂ ಆಗದೇ ಇರೋ ಹಾಗೆ ಬಾಗಿಲ ಕಡೆ ತಿರುಗಿ, ಸರಿ ಬಾರೇ ಒಳಗೆ, ಒಲೆ ಮೇಲೆ ಸಾರು ಇಡು ಅಂದ್ಲಂತೆ. ಅಷ್ಟಕ್ಕೇ ಮುಗೀತು ಅಂದ್ಕೊಂಡಿದ್ಲು. ಪೆರೀನ ಕದಲಲಿಲ್ಲ. ಅತ್ತೆ, ಕಳ್ಳಿ ಅಂತ ಒಲೆ ಮುಂದೆ ಅಂದಿದ್ರೆ ಒಲೆ ಮುಂದೆ ಬರ್ತಿದ್ದೆ, ನೀವು ಅಂದಿದ್ದು ಚರ್ಚಿನ ಮೆಟ್ಟಿಲ ಮೇಲೆ, ಊರೆಲ್ಲ ಕೇಳ್ತು, ಅಲ್ಲ ಅನ್ನೋದನ್ನೂ ಅಲ್ಲೇ ಅನ್ನಿ, ಅಲ್ಲಿ ತನಕ ನಾನು ಈ ಹೊಸಿಲು ದಾಟೋದಿಲ್ಲ ಅಂದು ಅಪ್ಪನ ಕೈ ಹಿಡ್ಕೊಂಡು ಹೊರಟುಹೋದ್ಲಂತೆ.

ಈಗ ಯಾರಿಗೆ ಪರೀಕ್ಷೆ ಬಂತು ನೋಡು. ಗಿಲ್ಲಮ್ಮನ ಮುಂದೆ ತಲೆ ತಗ್ಗಿಸಬೇಕು! ಮೊದಲನೇ ಭಾನುವಾರ ಅವೆಲೀನಮ್ಮಂಗೆ ತಲೆನೋವು ಬಂತಂತೆ, ಚರ್ಚಿಗೆ ಹೋಗಲಿಲ್ಲ. ಎರಡನೇ ಭಾನುವಾರ ಮಂಡಿನೋವು ಬಂತು, ಮೆಟ್ಟಿಲು ಹತ್ತೋಕಾಗಲ್ಲ ಅಂದ್ಲು. ಕಿರಿಮಗ ದಿನಾ ಸಂಜೆ ಊಟಕ್ಕೆ ಕೆಳಗಿನ ಬೀದಿಗೆ ಹೋಗೋಕೆ ಶುರು ಮಾಡಿದ್ದ, ಮನೇಲಿ ಅವನ ತಟ್ಟೆ ಕವುಚಿಯೇ ಇರೋದು. ಜಪಕ್ಕೆ ಕೂತ್ರೆ ಬೆರಳು ತಗ್ಗಿನೊಳಗೆ ಹೋಗೋದು, ಹೋದ ತಕ್ಷಣ ಹೊಸಿಲಾಚೆಯಿಂದ ಚಾಚಿದ ಆ ಸಣ್ಣ ಕೈ ಕಣ್ಣಿಗೆ ಬರೋದು, ಅರ್ಧಕ್ಕೇ ಎದ್ದುಬಿಡೋಳಂತೆ. ಮೂರನೇ ಭಾನುವಾರ ಬಂತು, ಎಷ್ಟು ಹುಡುಕಿದ್ರೂ ಇನ್ನೊಂದು ನೋವು ಸಿಗಲಿಲ್ಲ. ಎದ್ದು ಹೊರಟ್ಲು.

ಪೂಜೆ ಮುಗೀತು, ಹೆಂಗಸರೆಲ್ಲ ಮೆಟ್ಟಿಲ ಮೇಲೆ ಗುಂಪು ಕಟ್ಟಿದ್ರು. ಗಿಲ್ಲಮ್ಮ ನೋಡಿ, ಏನು ಅವೆಲೀನಮ್ಮ, ಕಳ್ಳ ಸೊಸೆ ಮೂಗು ವಾಪಸ್ ತಂದುಕೊಟ್ಲಾ ಅಂದ್ಲಂತೆ. ಕೆಳಗಡೆ ಕೊನೆ ಮೆಟ್ಟಿಲ ಹತ್ರ ಪೆರೀನ ನಿಂತಿರೋದು ಕಾಣ್ತು. ಆಗ ಪಟ ಬಿಚ್ಚಿ ಮೇಲೆತ್ತಿ ಹಿಡಿದು, ನನ್ನ ಸೊಸೆ ಕಳ್ಳಿಯಲ್ಲ ಕಣ್ರೇ, ನಾನೇ ಸವೆಸಿದ್ದು, ಇಕೋ ಈ ಸೊಟ್ಟ ಬೆರಳು, ನಲವತ್ತು ವರ್ಷ ಇದೇ ಬೆರಳಲ್ಲಿ ಸವರಿ ಸವರಿ, ಇದೇ ಬಾಯಲ್ಲಿ ಮುತ್ತಿಟ್ಟು ಇಟ್ಟು, ತಪ್ಪು ನಂದು, ಅವಳ ಮೇಲೆ ಹಾಕಿದೆ ಅಂತ ಊರಿಗೆಲ್ಲ ಕೇಳೋ ಹಾಗೆ ಅಂದ್ಲಂತೆ.

ಆಮೇಲೆ ರೊಟ್ಟಿ ಸುಡೋ ಮುದುಕಿಯೊಬ್ಬಳು ತನ್ನ ಪಟ ಬಿಚ್ಚಿದ್ಲಂತೆ, ಪುಟ್ಟದು, ಅದರಲ್ಲಿ ಬಾಲಯೇಸುವಿನ ಪಾದ ಎರಡೂ ಇಲ್ಲ. ನಾನು ದಿನಾ ಪಾದ ಹಿಡ್ಕೊಂಡೇ ಕೇಳ್ಕೊಳ್ಳೋದು ಅಂದ್ಲು. ಇನ್ನೊಬ್ಬಳು ಬಿಚ್ಚಿದ್ಲು, ಶಿಲುಬೆ ಮೇಲಿನ ಸ್ವಾಮಿ ಎದೆ ನುಣ್ಣಗಾಗಿದೆ. ಇನ್ನೊಬ್ಬಳದು ಕೆನ್ನೆ. ಒಬ್ಬೊಬ್ಬರೂ ನಾಚ್ಕೊಂಡು ನಾಚ್ಕೊಂಡು ಬಿಚ್ಚಿದ್ರಂತೆ, ಅಷ್ಟು ವರ್ಷ ಪರದೆ ಹಿಂದೆ ಯಾರಿಗೂ ತೋರಿಸದೆ ಇಟ್ಕೊಂಡಿದ್ದನ್ನ. ಆಮೇಲೆ ನೋಡು, ಎಲ್ಲರ ಕಣ್ಣೂ ಮೆಲ್ಲಗೆ ಗಿಲ್ಲಮ್ಮನ ಕಡೆ ತಿರುಗಿದವಂತೆ. ಗಿಲ್ಲಮ್ಮನ ಮರಿಯಮ್ಮಂಗೆ ಮೂಗು ನೆಟ್ಟಗಿದೆ, ತುಟಿ ನಗ್ತಿದೆ, ಚಿನ್ನದ ಗೆರೆ ಒಂದೂ ಅಳಿಸಿಲ್ಲ. ನಿಮ್ಮದು ಎಷ್ಟು ವರ್ಷದ್ದು ಗಿಲ್ಲಮ್ಮಾ ಅಂತ ರೊಟ್ಟಿ ಮುದುಕಿ ಕೇಳಿದ್ಲು. ಮೂವತ್ತೈದು ಅಂತ ಗಿಲ್ಲಮ್ಮ ಬಾಯೊಳಗೇ ಅಂದು, ಪಟ ಟಪ್ ಅಂತ ಮುಚ್ಚಿ, ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ ಅಂತ ದುಡುದುಡು ಮೆಟ್ಟಿಲಿಳಿದು ಹೋದ್ಲಂತೆ. ಮುಂದಿನ ವರ್ಷದ ಹಬ್ಬಕ್ಕೆ ಅವಳ ಮರಿಯಮ್ಮನ ಮೂಗೂ ಅರ್ಧ ಸವೆದಿತ್ತಂತೆ. ಮುತ್ತಿಟ್ಟು ಸವೀತೋ, ಮರಳು ಹಾಕಿ ತಿಕ್ಕಿದ್ಲೋ, ನಂಗಂತೂ ಗುಮಾನಿ.

ಪೆರೀನ ಮೆಟ್ಟಿಲು ಹತ್ತಿ ಬಂದ್ಲು, ಅತ್ತೆ ಕೈ ಹಿಡಿದ್ಲು, ಇಬ್ಬರೂ ಮನೆಗೆ ಬಂದ್ರು, ಅವಳು ಹೊಸಿಲು ದಾಟಿದ್ಲು, ಸಾರೂ ಇಟ್ಲು. ಇಸಾಬೆಗೆ ಅತ್ತೆ ತಾನೇ ಹಾಲು ಕಾಯಿಸಿ ಕೊಡೋಕೆ ಶುರು ಮಾಡಿದ್ಲಂತೆ. ಅವತ್ತು ಸಂಜೆ ಆ ಮೂಲೆಯ ಪರದೆ ಬಿಚ್ಚಿ ಮಡಚಿಟ್ಟು, ಬನ್ರೇ ಎಲ್ಲರೂ, ಒಟ್ಟಿಗೆ ಕೂರೋಣ ಅಂದ್ಲು. ನಾಕು ಹೆಂಗಸರೂ ಕೂತ್ರು, ಪಟ ಕೈಯಿಂದ ಕೈಗೆ ಹೋಯ್ತು, ಎಲ್ಲರೂ ಕಣ್ಣು ಮುಚ್ಚಿ ಜಪ ಶುರು ಮಾಡಿದ್ರಂತೆ. ಅರ್ಧ ಜಪದಲ್ಲಿ ಅವೆಲೀನಮ್ಮಂಗೆ ತಡೀಲಿಲ್ಲ. ಯಾರು ಜಾಸ್ತಿ ಒತ್ತಿ ಉಜ್ಜುತ್ತಾರೋ ಏನೋ ಅಂತ ಮೆಲ್ಲಗೆ ಒಂದು ಕಣ್ಣು ಬಿಟ್ಟು ನೋಡಿದ್ಲು. ನೋಡಿದ್ರೆ ಎದುರಿಗೆ ಕೂತಿದ್ದ ಪೆರೀನ ಕೂಡ ಒಂದು ಕಣ್ಣು ಬಿಟ್ಕೊಂಡು ಅತ್ತೆಯನ್ನೇ ನೋಡ್ತಾ ಇದ್ದಾಳೆ! ಇಬ್ಬರೂ ನಗು ತಡೆಯೋಕಾಗದೆ ಹೊಟ್ಟೆ ಹಿಡ್ಕೊಂಡು ನಕ್ಕರಂತೆ, ಆ ನಗು ಕೇಳಿ ಮಿಕ್ಕ ಸೊಸೆಯರೂ ನಕ್ರು, ಆಗ ಅವೆಲೀನಮ್ಮ ಯಾರು ನನ್ನ ನೋಡಿ ನಗ್ತಿರೋದು ಅಂತ ಜೀವಮಾನದಲ್ಲಿ ಮೊದಲನೇ ಸಲ ಕೇಳಲಿಲ್ಲವಂತೆ.

ಅವರು ಅಲ್ಲಿ ಸುಖವಾಗಿದ್ರು, ನಾವು ಇಲ್ಲಿ ಬೆಚ್ಚಗಿದ್ದೀವಿ, ಕತೆ ಮುಗೀತು. ಏಯ್ ಫಿಲೋ, ನಿದ್ದೆ ಬಂದೋರ ಹಾಗೆ ಬಿದ್ಕೊಂಡು ನೀನೂ ಒಂದು ಕಣ್ಣು ಬಿಟ್ಕೊಂಡಿದ್ದೀಯಲ್ಲೇ. ಮುಚ್ಚು ಅದನ್ನ, ಮುಚ್ಚು.